ಹೌಸಿಂಗ್ ಒಳಗಿನ ನಂಬರ್: ಭಾರ ಎಳೆಯುವ ಡೀಸೆಲ್ ಪಿಕಪ್‌ಗೆ ಯಾವ ರೇಶಿಯೋ?

ಒಂದೇ ಕಂಪನಿಯ, ಒಂದೇ ಎಂಜಿನ್ನಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಡೀಸೆಲ್ ಪಿಕಪ್ ಇವೆ ಅಂದುಕೊಳ್ಳಿ. ಎರಡಕ್ಕೂ ಹಿಂದೆ ಕಾಂಕ್ರೀಟ್ ಮಿಕ್ಸರ್ ತಗುಲಿಸಿದೆ, ಮೇಲೆ ಸಿಮೆಂಟ್ ಮೂಟೆ ಇದೆ. ಕೆರೆ ಕಟ್ಟೆಯ ಏರಿನಲ್ಲಿ ಒಂದು ಗಾಡಿ ಥರ್ಡ್ ಗೇರಿನಲ್ಲೇ ಹತ್ತಿಬಿಡುತ್ತದೆ. ಇನ್ನೊಂದು ಅರ್ಧ ಏರಿಗೇ ಸೆಕೆಂಡ್ ಕೇಳುತ್ತದೆ. "ಎಂಜಿನ್ ವೀಕ್ ಆಗಿದೆ" ಅನ್ನುತ್ತಾರೆ ಡ್ರೈವರ್. ಆಮೇಲೆ ಡೀಸೆಲ್ ಫಿಲ್ಟರ್, ಇಂಜೆಕ್ಟರ್, ಟರ್ಬೊ ಎಲ್ಲಕ್ಕೂ ದುಡ್ಡು ಹೋಗುತ್ತದೆ. ಹಿಂದಿನ ಹೌಸಿಂಗ್ (ಹಿಂಚಕ್ರಗಳ ನಡುವೆ ಗೇರುಗಳನ್ನು ಹೊತ್ತಿರುವ ಕವಚ) ಕಡೆಗೆ ಮಾತ್ರ ಯಾರೂ ನೋಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇದು ಜಾಸ್ತಿ. ಹಳೇ ಹೌಸಿಂಗ್ ಕೂಗುತ್ತದೆ ಅಂತ ಯಾವತ್ತೋ ಗುಜರಿಯಿಂದ ಬೇರೆ ಹೌಸಿಂಗ್ ತಂದು ಕೂರಿಸಿರುತ್ತಾರೆ. ಬೋಲ್ಟ್ ಕೂತಿತು, ಗಾಡಿ ಓಡಿತು, ಮುಗೀತು. ಒಳಗಿನ ಗೇರುಗಳ ಹಲ್ಲಿನ ಲೆಕ್ಕ ಬೇರೆ ಅನ್ನೋದು ಮುಂದಿನ ಮಾಲೀಕನ ತಲೆನೋವು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಪಿಕಪ್ ಇಟ್ಟುಕೊಂಡಿರುವವರಿಗೆ ಈ ಹಲ್ಲಿನ ಲೆಕ್ಕ, ಅಂದರೆ ಆಕ್ಸಲ್ ರೇಶಿಯೋ, ಗೊತ್ತಿರಬೇಕು. ನಮ್ಮಲ್ಲಿ ಪಿಕಪ್ ಮಾಡುವ ಕೆಲಸ ಒಂದೇ ಥರದ್ದಲ್ಲ. ಟೊಮೆಟೊ ಬಾಕ್ಸ್ ಹೇರಿಕೊಂಡು ರಾತ್ರಿಯೆಲ್ಲ ಚೆನ್ನೈ ದಾರಿ ಹಿಡಿಯುವ ಗಾಡಿ ಇದೆ. ಮಿಕ್ಸರ್, ಕಂಪ್ರೆಸರ್, ಜನರೇಟರ್ ಟ್ರಾಲಿ ಎಳೆಯುವ ಗಾಡಿ ಇದೆ. ಕ್ವಾರಿ ಒಳಗೆ ಇಳಿದು ಹತ್ತುವ ಗಾಡಿಯೂ ಇದೆ. ಮೂರಕ್ಕೂ ಒಂದೇ ರೇಶಿಯೋ ಹೊಂದುವುದಿಲ್ಲ.

ನಂಬರ್ ಎಲ್ಲಿಂದ ಬರುತ್ತದೆ

ಗೇರ್‌ಬಾಕ್ಸಿನಿಂದ ಹೊರಟ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಹೌಸಿಂಗಿಗೆ ಬಂದು ಸೇರುತ್ತದೆ. ಅದರ ತುದಿಯಲ್ಲಿ ಸಣ್ಣ ಪಿನಿಯನ್ ಇದೆ. ಆ ಪಿನಿಯನ್ ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕ್ರೌನ್ ತಿರುಗಿದರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಮೂಲಕ ಎರಡೂ ಚಕ್ರ ತಿರುಗುತ್ತವೆ. ಕ್ರೌನ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ರೇಶಿಯೋ. ಕ್ರೌನಿಗೆ 41, ಪಿನಿಯನ್ನಿಗೆ 10 ಹಲ್ಲಿದ್ದರೆ 4.10. ಅಂದರೆ ಶಾಫ್ಟ್ 4.10 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. 41ಕ್ಕೆ 11 ಇದ್ದರೆ 3.73. 39ಕ್ಕೆ 8 ಇದ್ದರೆ 4.88.

ಸೀದಾ 4.00 ಅಂತ ಯಾಕೆ ಮಾಡುವುದಿಲ್ಲ ಅಂತ ಕೇಳಬಹುದು. 40ಕ್ಕೆ 10 ಇಟ್ಟರೆ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಕ್ರೌನಿನ ಅದೇ ನಾಲ್ಕು ಹಲ್ಲುಗಳ ಮೇಲೆ ಬಂದು ಕೂರುತ್ತದೆ. ಒಂದರಲ್ಲಿ ಸಣ್ಣ ದೋಷ ಇದ್ದರೂ ಅದೇ ಜಾಗ ಸವೆಯುತ್ತದೆ. 41ಕ್ಕೆ 10 ಇಟ್ಟರೆ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲ ಹಲ್ಲುಗಳ ಜೊತೆ ಕೂಡುತ್ತದೆ, ಸವೆತ ಹಂಚಿಹೋಗುತ್ತದೆ. ಅದಕ್ಕೇ ಈ ದಶಾಂಶಗಳ ಕಾಟ.

ನಂಬರ್ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಅದೇ ಸ್ಪೀಡಿಗೆ ಎಂಜಿನ್ ಸುತ್ತುವುದೂ ಜಾಸ್ತಿ. ನಂಬರ್ ಚಿಕ್ಕದಾದರೆ ಎಂಜಿನ್ ನಿಧಾನವಾಗಿ ಸುತ್ತುತ್ತದೆ, ಎಳೆತ ಕಡಿಮೆ. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಇಷ್ಟಕ್ಕೇ ನಿಂತರೆ "ಹಾಗಾದ್ರೆ ದೊಡ್ಡ ನಂಬರೇ ಹಾಕಿಸಿಬಿಡೋಣ" ಅನ್ನಿಸುತ್ತದೆ. ವಿಷಯ ಅಷ್ಟು ಸಲೀಸಲ್ಲ.

ಲೆಕ್ಕ ಹಾಕಿ ನೋಡೋಣ

ಆಕ್ಸಲ್ ರೇಶಿಯೋ ಎಂಜಿನ್ನಿಗೆ ಹೊಸ ಶಕ್ತಿ ಕೊಡುವುದಿಲ್ಲ. ಗೇರ್‌ಬಾಕ್ಸ್ ಒಂದು ಏಣಿ ಅಂದುಕೊಂಡರೆ, ರೇಶಿಯೋ ಬದಲಿಸುವುದು ಅಂದರೆ ಇಡೀ ಏಣಿಯನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿದ ಹಾಗೆ. ಮೆಟ್ಟಿಲುಗಳ ನಡುವಿನ ಅಂತರ ಹಾಗೇ ಇರುತ್ತದೆ. ನಿಮ್ಮ ಲೋಡು, ನಿಮ್ಮ ಏರು, ನಿಮ್ಮ ಸ್ಪೀಡು ಇರುವ ಎತ್ತರಕ್ಕೆ ಒಂದು ಮೆಟ್ಟಿಲು ಬಂದು ಕೂತರೆ ಗಾಡಿ ಆರಾಮ. ಎರಡು ಮೆಟ್ಟಿಲ ನಡುವೆ ಸಿಕ್ಕಿಕೊಂಡರೆ ಗೋಳು.

ಒಂದು ಉದಾಹರಣೆ ಕಟ್ಟೋಣ. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 200 ನ್ಯೂಟನ್ ಮೀಟರ್. ಇದು 1400ರಿಂದ 2200 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ತನಕ ಪೂರ್ತಿ ಸಿಗುತ್ತದೆ. ಗೇರುಗಳ ರೇಶಿಯೋ: ಸೆಕೆಂಡ್ ಗೇರ್ 2.3, ಥರ್ಡ್ 1.4, ಫೋರ್ತ್ 1, ಫಿಫ್ತ್ 0.8. ಟೈರು 215/75 ಆರ್ 15 (ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ 75%, ರಿಮ್ 15 ಇಂಚು). ಇದು ಯಾವುದೋ ಒಂದು ಗಾಡಿಯ ಅಳತೆಯಲ್ಲ. ನಮ್ಮ ರಸ್ತೆಯ ಒಂದು ಸಾಧಾರಣ ಪಿಕಪ್ ಅಂತ ಇಟ್ಟುಕೊಳ್ಳಿ, ನಿಮ್ಮ ಗಾಡಿಯ ನಂಬರ್ ಹಾಕಿ ನೀವೇ ಗುಣಿಸಬಹುದು.

ಗಾಡಿ, ಮೇಲಿನ ಲೋಡು, ಹಿಂದಿನ ಟ್ರೇಲರ್ ಎಲ್ಲ ಸೇರಿ 4 ಟನ್. ಏರು 6%, ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 6 ಮೀಟರ್ ಮೇಲೆ. ಈ ಏರಿಗೇ ಸುಮಾರು 2350 ನ್ಯೂಟನ್ ಬಲ ಬೇಕು. ಟೈರಿನ ಉರುಳಾಟಕ್ಕೆ, ಗಾಳಿಗೆ ಅಂತ ಇನ್ನೊಂದಿಷ್ಟು ಸೇರಿಸಿದರೆ ಒಟ್ಟು 3000 ನ್ಯೂಟನ್ ಹತ್ತಿರ ಆಗುತ್ತದೆ. ಟೈರಿನ ಅರ್ಧ ವ್ಯಾಸ 0.35 ಮೀಟರ್. ಹಾಗಾಗಿ ಚಕ್ರದ ಹತ್ತಿರ 1050 ನ್ಯೂಟನ್ ಮೀಟರ್ ಟಾರ್ಕ್ ತಲುಪಬೇಕು. ಅದಕ್ಕಿಂತ ಕಡಿಮೆ ಬಂದರೆ ಗಾಡಿ ಸ್ಪೀಡು ಕಳೆದುಕೊಳ್ಳುತ್ತಾ ಹೋಗುತ್ತದೆ.

ಈಗ ಎಂಜಿನ್ ಟಾರ್ಕನ್ನು ಗೇರಿನಿಂದ, ಆಕ್ಸಲ್ ರೇಶಿಯೋದಿಂದ ಗುಣಿಸಿ, ದಾರಿಯಲ್ಲಿ ಸೋರಿಹೋಗುವುದಕ್ಕೆ 10% ಬಿಡೋಣ. ಥರ್ಡ್ ಗೇರಿನಲ್ಲಿ 3.73 ಹೌಸಿಂಗ್ ಕೊಡುವುದು ಸುಮಾರು 940. 4.10 ಕೊಡುವುದು 1033. 4.88 ಕೊಡುವುದು 1230. ಬೇಕಾಗಿದ್ದು 1050.

ಅಂದರೆ 4.88ರ ಗಾಡಿ ಥರ್ಡಿನಲ್ಲೇ ಹತ್ತುತ್ತದೆ. 2200 ಆರ್‌ಪಿಎಂಗೆ ಅದರ ಸ್ಪೀಡು ಗಂಟೆಗೆ ಸುಮಾರು 43 ಕಿ.ಮೀ. 3.73ರ ಗಾಡಿ ಸೆಕೆಂಡಿಗೆ ಬೀಳುತ್ತದೆ. ಅದೇ 2200ಕ್ಕೆ ಅದರ ಸ್ಪೀಡು 34.

4.10ರ ಕತೆ ಇಲ್ಲಿ ಮಜಾ ಇದೆ. ಬೇಕಾದ್ದಕ್ಕಿಂತ 17 ನ್ಯೂಟನ್ ಮೀಟರ್ ಮಾತ್ರ ಕಡಿಮೆ. ಆದರೂ ಏರು ಉದ್ದ ಇದ್ದರೆ ಇದೂ ಸೆಕೆಂಡಿಗೆ ಬೀಳಲೇಬೇಕು. ಸೆಕೆಂಡಿನಲ್ಲಿ 2200ಕ್ಕೆ ಇದರ ಸ್ಪೀಡು 31. ಅಂದರೆ 3.73ಕ್ಕಿಂತಲೂ ನಿಧಾನ! ದೊಡ್ಡ ನಂಬರ್ ಹಾಕಿಸಿಯೂ ಹಿಂದೆ ಬಿದ್ದ ಹಾಗಾಯಿತು. ಈಗ ಅದೇ ಗಾಡಿಯಿಂದ 15 ಕೆ.ಜಿ.ಯ ಏಳು ಟೊಮೆಟೊ ಬಾಕ್ಸ್ ಇಳಿಸಿ. ತೂಕ 3.9 ಟನ್ನಿಗೆ ಬರುತ್ತದೆ, ಬೇಕಾದ ಟಾರ್ಕ್ 1024ಕ್ಕೆ ಇಳಿಯುತ್ತದೆ, ಗಾಡಿ ಥರ್ಡಿನಲ್ಲೇ ನಿಂತುಕೊಳ್ಳುತ್ತದೆ. 2200ಕ್ಕೆ ಸ್ಪೀಡು ಸುಮಾರು 51. ಏಳು ಬಾಕ್ಸಿಗೆ 31ಕ್ಕೂ 51ಕ್ಕೂ ಇರುವ ವ್ಯತ್ಯಾಸ!

ಕಾಗದದ ಮೇಲೆ ಇದು ಇಷ್ಟು ನೀಟಾಗಿ ಕಾಣುತ್ತದೆ, ರಸ್ತೆಯಲ್ಲಿ ಇಷ್ಟು ಖಡಕ್ಕಾಗಿ ಇರುವುದಿಲ್ಲ. ಸೆಕೆಂಡಿನಲ್ಲಿ ಇನ್ನೂ ರೇಸ್ ಕೊಟ್ಟು 3000ಕ್ಕೆ ಏರಿಸಿದರೆ 4.10ರ ಗಾಡಿಯೂ 42ಕ್ಕೆ ಬರುತ್ತದೆ. ಎಂಜಿನ್ ಕೂಗುತ್ತದೆ, ಡೀಸೆಲ್ ಕುಡಿಯುತ್ತದೆ, ಆದರೆ ಹತ್ತುತ್ತದೆ. ಹಾಗಿದ್ದರೂ "ನನ್ನ ಗಾಡಿ ಒಂದೊಂದು ದಿನ ಆ ಏರನ್ನ ಸಲೀಸಾಗಿ ಹತ್ತುತ್ತೆ, ಒಂದೊಂದು ದಿನ ಸತಾಯಿಸುತ್ತೆ" ಅನ್ನುವವರ ಗಾಡಿ ಬಹುಪಾಲು ಇಂಥ ಅಂಚಿನಲ್ಲೇ ನಿಂತಿರುತ್ತದೆ. ಇಂಜೆಕ್ಟರ್ ಬಿಚ್ಚಿಸುವ ಮೊದಲು ಆ ದಿನದ ತೂಕದ ಚೀಟಿ ನೋಡಿ.

ನಿಮ್ಮ ದಿನನಿತ್ಯದ ದಾರಿಯಲ್ಲಿ ಅತಿ ಕೆಟ್ಟ ಏರು ಯಾವುದು, ಅದನ್ನು ಯಾವ ಗೇರಿನಲ್ಲಿ ಹತ್ತಬೇಕು ಅಂತ ಇದ್ದೀರಿ, ಆ ಗೇರಿನಲ್ಲಿ ಬೇಕಾದ್ದಕ್ಕಿಂತ 15–20% ಜಾಸ್ತಿ ಟಾರ್ಕ್ ಸಿಗುತ್ತದೆಯೇ? ರೇಶಿಯೋ ಆರಿಸುವಾಗ ಮೊದಲು ಕೇಳಬೇಕಾದ್ದು ಇದು. ನಂದಿ ಬೆಟ್ಟಕ್ಕೋ ದೇವರಾಯನದುರ್ಗಕ್ಕೋ ವರ್ಷಕ್ಕೊಮ್ಮೆ ಲೋಡು ಹಾಕುವವರು ಆ ಏರಿಗೆ ತಕ್ಕಂತೆ ರೇಶಿಯೋ ಹುಡುಕುವುದರಲ್ಲಿ ಅರ್ಥವಿಲ್ಲ. ಅಲ್ಲಿಗೆ ಸೆಕೆಂಡೋ ಫಸ್ಟೋ ಹಾಕಿ ಹತ್ತಿದರಾಯಿತು. ದಿನಾ ಮಿಕ್ಸರ್ ಕಟ್ಟಿಕೊಂಡು ಕಟ್ಟೆ ಹತ್ತುವವರ ಲೆಕ್ಕ ಬೇರೆ.

80ರ ಮಿತಿ, ಅಮೆರಿಕದ ಸಲಹೆ

ಡೀಸೆಲ್ ಎಂಜಿನ್ನಿಗೆ ಇಷ್ಟವಾದ ಒಂದು ಜಾಗ ಇದೆ. ನಮ್ಮ ಉದಾಹರಣೆಯಲ್ಲಿ ಅದು 1400ರಿಂದ 2200. ಲೋಡಿನಲ್ಲಿ ಅದಕ್ಕಿಂತ ಕೆಳಗೆ ಟಾಪ್ ಗೇರಿನಲ್ಲಿ ದಬಾಯಿಸಿದರೆ ಟರ್ಬೊ ಸರಿಯಾಗಿ ಗಾಳಿ ಕೊಡುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಹೊಗೆ ಬರುತ್ತದೆ, ಇಡೀ ಗಾಡಿ ನಡುಗುತ್ತದೆ. ಆ ನಡುಕ ಕ್ಲಚ್ ಪ್ಲೇಟಿನ ಸ್ಪ್ರಿಂಗು, ಗೇರ್‌ಬಾಕ್ಸ್, ಬೇರಿಂಗು ಎಲ್ಲಕ್ಕೂ ಪೆಟ್ಟು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಈ ಮಸಿ ಎಲ್ಲ ಅಲ್ಲೇ ಕೂರುತ್ತದೆ.

ಹಾಗಾದರೆ ಫಿಫ್ತ್ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ ನೋಡೋಣ. 215/75 ಆರ್ 15 ಟೈರು ಒಂದು ಸುತ್ತಿಗೆ 2.21 ಮೀಟರ್ ಹೋಗುತ್ತದೆ. ಗಂಟೆಗೆ 60 ಅಂದರೆ ನಿಮಿಷಕ್ಕೆ 1000 ಮೀಟರ್, ಚಕ್ರ ಸುಮಾರು 452 ಸುತ್ತು. ಅದನ್ನು ಆಕ್ಸಲ್ ರೇಶಿಯೋದಿಂದ, 0.8ರಿಂದ ಗುಣಿಸಿ. 3.73ಕ್ಕೆ 1350 ಆರ್‌ಪಿಎಂ, 4.10ಕ್ಕೆ 1484, 4.88ಕ್ಕೆ 1766. ಗಂಟೆಗೆ 80ಕ್ಕೆ ಇವೇ 1800, 1979, 2355 ಆಗುತ್ತವೆ.

60ರಲ್ಲಿ 3.73ರ ಎಂಜಿನ್ ತನಗೆ ಇಷ್ಟವಾದ ಜಾಗಕ್ಕೇ ಬಂದಿಲ್ಲ. ಲೋಡಿದ್ದರೆ ಫಿಫ್ತ್ ಹಾಕಲೇಬಾರದು, ಫೋರ್ತಿನಲ್ಲೇ ಓಡಿಸಬೇಕು. ಹಾಗೆ ಓಡಿಸುವುದಾದರೆ ಚಿಕ್ಕ ನಂಬರಿನಿಂದ ಉಳಿಯುವ ಡೀಸೆಲ್ ಯಾವುದು ಹೇಳಿ? 4.88ರ ಎಂಜಿನ್ 60ರಲ್ಲಿ ಒಳ್ಳೇ ಜಾಗದಲ್ಲಿದೆ, 80ರಲ್ಲಿ ಸ್ವಲ್ಪ ಜಾಸ್ತಿ ಸುತ್ತುತ್ತದೆ. 4.10 ಎರಡಕ್ಕೂ ಒಪ್ಪುತ್ತದೆ.

ಗೂಡ್ಸ್ ಪಿಕಪ್‌ಗಳಿಗೆ 80ಕ್ಕೆ ಸ್ಪೀಡ್ ಗವರ್ನರ್ (ಅದಕ್ಕಿಂತ ಜೋರಾಗಿ ಹೋಗದಂತೆ ತಡೆಯುವ ಸಾಧನ) ಕೂತಿರುತ್ತದೆ. ಚಿಕ್ಕ ನಂಬರಿನ ದೊಡ್ಡ ಲಾಭ ಸಿಗುವುದು 100, 110ರಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ. ಆ ಸ್ಪೀಡಿಗೆ ನಮ್ಮ ಗೂಡ್ಸ್ ಗಾಡಿ ಹೋಗುವುದೇ ಇಲ್ಲ. ನನ್ನ ಕೇಳಿದರೆ, ಎಳೆಯುವ ಕೆಲಸಕ್ಕೆ 4ಕ್ಕಿಂತ ಕೆಳಗಿನ ರೇಶಿಯೋ ಹುಡುಕುವುದು ನಮ್ಮ ಕಡೆ ಬೇಡದ ಸಾಹಸ.

ಯೂಟ್ಯೂಬಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಗೊಂದಲಕ್ಕೆ ಬೀಳುವುದು ಇಲ್ಲೇ. ಅಲ್ಲಿ ಗಾಡಿ ಬುಕ್ ಮಾಡುವಾಗಲೇ ರೇಶಿಯೋ ಆರಿಸಿಕೊಳ್ಳಬಹುದು. ರ‍್ಯಾಮ್ 3500 ಡೀಸೆಲ್ ಪಿಕಪ್‌ಗಳಿಗೆ 3.42, 3.73, 4.10 ಅಂತ ಕೊಟ್ಟಿದ್ದಾರೆ. ರೇಶಿಯೋ ದೊಡ್ಡದಾದರೆ ಕಂಪನಿ ಒಪ್ಪುವ ಎಳೆತದ ತೂಕವೂ ಏರುತ್ತದೆ. "3.73 ಸಾಕು, 4.10 ಅತಿಯಾಯಿತು" ಅಂತ ಅವರು ಹೇಳುವುದು ಅವರ ಎಂಜಿನ್ನಿಗೆ. 2019ರಲ್ಲಿ ಬಂದ ರ‍್ಯಾಮಿನ ಹೈ ಔಟ್‌ಪುಟ್ ಕಮಿನ್ಸ್ 6.7 ಲೀಟರ್ ಎಂಜಿನ್ನಿನ ಟಾರ್ಕ್ ಸುಮಾರು 1356 ನ್ಯೂಟನ್ ಮೀಟರ್. ನಮ್ಮ ಉದಾಹರಣೆಯ ಗಾಡಿಯದ್ದು 200. ಅವರ ಸಲಹೆಯ ಹಿಂದಿರುವ ಲೆಕ್ಕ ತಗೊಳ್ಳಿ, ನಂಬರ್ ತಗೋಬೇಡಿ.

ಹಾಗೇ ಟರ್ಬೊ ಇಲ್ಲದ ಹಳೇ ಡೀಸೆಲ್ ಇಟ್ಟುಕೊಂಡಿದ್ದರೆ ಒಂದು ಮಾತು. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 8% ಕಡಿಮೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ 13% ಕಡಿಮೆ. ಟರ್ಬೊ ಇದ್ದರೆ ಇದನ್ನು ಬಹುಪಾಲು ಸರಿದೂಗಿಸುತ್ತದೆ. ಇಲ್ಲದಿದ್ದರೆ ಎಂಜಿನ್ನಿನ ಟಾರ್ಕಿಗೆ ಅಷ್ಟು ಕತ್ತರಿ ಬೀಳುತ್ತದೆ, ಲೆಕ್ಕದಲ್ಲಿ ಅದನ್ನೂ ಕಳೆಯಬೇಕು.

ನಿಂತಲ್ಲಿಂದ ಎತ್ತುವುದು, ರಿವರ್ಸ್ ಹೋಗುವುದು

ಟ್ರೇಲರ್ ಎಳೆಯುವ ಗಾಡಿಯ ಕ್ಲಚ್ ಸುಡುವುದು ಹೈವೇಯಲ್ಲಿ ಅಲ್ಲ. ಸೈಟಿನಲ್ಲಿ, ಕ್ವಾರಿಯಲ್ಲಿ, ಹೊಲದ ದಾರಿಯಲ್ಲಿ. 15% ಇರುವ ದಿಣ್ಣೆಯಲ್ಲಿ 4 ಟನ್ ನಿಲ್ಲಿಸಿ ಮತ್ತೆ ಎತ್ತಬೇಕಾದರೆ ಚಕ್ರಕ್ಕೆ 2200 ನ್ಯೂಟನ್ ಮೀಟರ್ ಮೇಲೆ ಬೇಕು. ಐಡಲ್ (ಎಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವ ವೇಗ) ಹತ್ತಿರ ಎಂಜಿನ್ 120ರಷ್ಟು ಮಾತ್ರ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಫಸ್ಟ್ ಗೇರ್ 4.1 ಇದ್ದರೆ 3.73 ಹೌಸಿಂಗಿಗೆ ಬರುವುದು 1650. ಸಾಲದು. ಹಾಗಾಗಿ ರೇಸ್ ಕೊಟ್ಟು, ಕ್ಲಚ್ ಅರ್ಧ ಹಿಡಿದು, ವಾಸನೆ ಬರುವ ತನಕ ಜಾರಿಸಬೇಕು. 4.88ಕ್ಕೆ ಅದೇ 2160. ಸ್ವಲ್ಪ ರೇಸ್ ಕೊಟ್ಟರೆ ಎದ್ದುಬಿಡುತ್ತದೆ.

ರಿವರ್ಸಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರಿವರ್ಸ್ ಗೇರ್ 3.7, ಐಡಲ್ 900 ಅಂದುಕೊಳ್ಳಿ. 3.73ರಲ್ಲಿ ಕಾಲು ತೆಗೆದರೂ ಗಾಡಿ ಗಂಟೆಗೆ ಸುಮಾರು 8.6 ಕಿ.ಮೀ. ವೇಗದಲ್ಲಿ ಹಿಂದೆ ಓಡುತ್ತದೆ. ಟ್ರೇಲರ್ ಮಡಚಿಕೊಳ್ಳದ ಹಾಗೆ ಗೇಟಿನೊಳಗೆ ತೂರಿಸಬೇಕು, ಕ್ಲೀನರ್ "ಬಾ ಬಾ ಬಾ" ಅಂತ ಕೂಗುತ್ತಿದ್ದಾನೆ. ಅಲ್ಲಿ ಈ ಸ್ಪೀಡು ಜಾಸ್ತಿ, ಕ್ಲಚ್ ಒತ್ತಿ ಒತ್ತಿ ಬಿಡಬೇಕು. 4.88ರಲ್ಲಿ ಅದೇ 6.6ಕ್ಕೆ ಇಳಿಯುತ್ತದೆ. ಕಾಗದದಲ್ಲಿ ಎರಡೇ ಕಿಲೋಮೀಟರ್ ವ್ಯತ್ಯಾಸ. ದಿನಕ್ಕೆ ನಾಲ್ಕು ಸೈಟಿಗೆ ಮಿಕ್ಸರ್ ಬಿಡುವ ಡ್ರೈವರಿಗೆ ಅದು ಕ್ಲಚ್ ಪ್ಲೇಟಿನ ಆಯುಸ್ಸು.

ಇಳಿಜಾರಿಗೂ ಇದೇ ನ್ಯಾಯ. ಮುಳಬಾಗಿಲು, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವವರಿಗೆ ಗೊತ್ತು. ಕೋಲಾರದಿಂದ ಚಿತ್ತೂರಿಗೆ ಹೋಗುವಷ್ಟರಲ್ಲಿ ದಾರಿ ಸುಮಾರು 500 ಮೀಟರ್ ಕೆಳಗೆ ಬರುತ್ತದೆ. ಘಾಟಿಯ ಇಳಿತದಲ್ಲಿ ಬರೀ ಬ್ರೇಕ್ ನೆಚ್ಚಿಕೊಂಡರೆ ಡ್ರಮ್ಮು ಕಾದು ಬ್ರೇಕ್ ಹಿಡಿಯುವುದೇ ಕಡಿಮೆಯಾಗುತ್ತದೆ. ದೊಡ್ಡ ನಂಬರಿನ ಹೌಸಿಂಗ್ ಅದೇ ಗೇರಿನಲ್ಲಿ ಗಾಡಿಯನ್ನು ಹೆಚ್ಚು ಹಿಡಿದಿಡುತ್ತದೆ. ಎಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಒಡ್ಡುವ ತಡೆಯೂ ಆ ನಂಬರಿನಿಂದಲೇ ಗುಣಿಸಿಕೊಂಡು ಚಕ್ರಕ್ಕೆ ತಲುಪುವುದು.

ಒಂದು ವಿಷಯ ಮಾತ್ರ ಮರೆಯಬೇಡಿ. ರೇಶಿಯೋ ಬದಲಿಸಿದ್ದಕ್ಕೆ ಬ್ರೇಕ್ ದೊಡ್ಡದಾಗುವುದಿಲ್ಲ, ಚಾಸಿ ಗಟ್ಟಿಯಾಗುವುದಿಲ್ಲ, ಕೊಕ್ಕೆಗೆ ಬಲ ಬರುವುದಿಲ್ಲ. ಕಂಪನಿ ಪುಸ್ತಕದಲ್ಲಿ ಎಷ್ಟು ತೂಕ ಬರೆದಿದೆಯೋ ಅಷ್ಟೇ. ಎಳೆಯುವ ತೂಕ ಬರೆದೇ ಇಲ್ಲ ಅಂದರೆ ಎಳೆಯಲು ಹೇಳಿಲ್ಲ ಅಂತಲೇ ಅರ್ಥ. ಹತ್ತುವುದು ಸಲೀಸಾಯಿತು ಅಂತ ಇನ್ನರ್ಧ ಟನ್ ಹೇರಿದರೆ ಇಳಿಯುವಾಗ ಬೆಲೆ ತೆರಬೇಕಾಗುತ್ತದೆ.

ಟೈರು ಬದಲಿಸಿದರೂ ರೇಶಿಯೋ ಬದಲಾದಂತೆ

ನೋಟಕ್ಕೆ ಅಂತ ದೊಡ್ಡ ಟೈರು ಹಾಕಿಸುವ ಖಯಾಲಿ ಇದೆಯಲ್ಲ, ಅದು ಸದ್ದಿಲ್ಲದೆ ರೇಶಿಯೋ ಇಳಿಸುತ್ತದೆ. 215/75 ಆರ್ 15ರ ವ್ಯಾಸ ಸುಮಾರು 703 ಮಿ.ಮೀ. 235/75 ಆರ್ 15ರದ್ದು 733. 4% ಜಾಸ್ತಿ. ನಿಮ್ಮ 4.10 ಹೌಸಿಂಗ್ ಈಗ 3.93ರ ಹಾಗೆ ಕೆಲಸ ಮಾಡುತ್ತದೆ. ಮೇಲಿನ ಏರಿನ ಲೆಕ್ಕದಲ್ಲಿ 17 ನ್ಯೂಟನ್ ಮೀಟರ್ ಕೊರತೆಗೇ ಸೆಕೆಂಡಿಗೆ ಬಿದ್ದದ್ದು ನೆನಪಿದೆ ಅಲ್ವಾ? ಈ ಟೈರು ಹಾಕಿದರೆ ಕೊರತೆ 60ರ ಹತ್ತಿರ ಹೋಗುತ್ತದೆ.

ಹಾಗಾಗಿ ಎಳೆತ ಕಡಿಮೆಯಾಯಿತು ಅನ್ನಿಸಿದರೆ ಮೊದಲು ಟೈರಿನ ಪಕ್ಕದಲ್ಲಿ ಬರೆದ ಅಳತೆ ಓದಿ. ಕಂಪನಿ ಕೊಟ್ಟ ಅಳತೆಗೇ ವಾಪಸ್ ಬರುವುದು ಹೌಸಿಂಗ್ ಬಿಚ್ಚುವುದಕ್ಕಿಂತ ಎಷ್ಟೋ ಅಗ್ಗ.

ನಿಮ್ಮ ಗಾಡಿಯಲ್ಲಿ ಯಾವುದಿದೆ?

ಹೌಸಿಂಗ್ ಮೇಲೆ ಕೆಲವು ಸಲ ಸಣ್ಣ ತಗಡಿನ ಚೀಟಿ ಇರುತ್ತದೆ, ಕೆಲವು ಸಲ ಕ್ರೌನ್ ಮೇಲೆ ಹಲ್ಲಿನ ಲೆಕ್ಕ ಕೆತ್ತಿರುತ್ತದೆ. ಚೀಟಿ ಬಿದ್ದುಹೋಗಿದ್ದರೆ, ಅಥವಾ ಹೌಸಿಂಗೇ ಬೇರೆ ಗಾಡಿಯದ್ದು ಅನ್ನುವ ಅನುಮಾನ ಇದ್ದರೆ, ಬಿಚ್ಚದೆಯೇ ಎಣಿಸಬಹುದು.

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೇ ಇರುವುದರಿಂದ ಅದನ್ನು ಬಿಡಲೇಬೇಕು, ಹಾಗಾಗಿ ಈ ಕಲ್ಲಿನ ವಿಷಯದಲ್ಲಿ ಸೋಮಾರಿತನ ಬೇಡ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಜಾಕ್ ಜೊತೆ ಸ್ಟ್ಯಾಂಡನ್ನೂ ಕೊಡಿ. ಗೇರ್ ನ್ಯೂಟ್ರಲ್. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎತ್ತಿದ ಚಕ್ರವನ್ನು ಕೈಯಲ್ಲಿ 20 ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಕ್ರೌನ್ ಅರ್ಧ ಮಾತ್ರ ತಿರುಗುತ್ತದೆ, 20ಕ್ಕೆ 10. ಶಾಫ್ಟ್ 41 ಸುತ್ತಿದರೆ ನಿಮ್ಮದು 4.10. 37ಕ್ಕೆ ಚೂರು ಮೇಲೆ ನಿಂತರೆ 3.73. 49ರ ಹತ್ತಿರ ಬಂದರೆ 4.88. ಒಂದೆರಡು ಸುತ್ತಿನಲ್ಲಿ ಅಂದಾಜು ಮಾಡಬೇಡಿ, ಹತ್ತಿರದ ನಂಬರುಗಳ ನಡುವೆ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಮುಂಚೆ ಇದೊಂದು ಪರೀಕ್ಷೆ ಮಾಡಿಸಿ. ಒಂದೇ ಮಾಡೆಲಿನ ಎರಡು ಗಾಡಿ ಸಿಕ್ಕರೆ, ಎಳೆಯುವ ಕೆಲಸಕ್ಕೆ ಸರಿಯಾದ ಹೌಸಿಂಗ್ ಇರುವುದನ್ನೇ ಆರಿಸುವುದು, ಕೊಂಡ ಮೇಲೆ ಬದಲಿಸುವುದಕ್ಕಿಂತ ನೂರು ಪಾಲು ಮೇಲು.

ಬದಲಿಸುವುದೇ ಆದರೆ

ಮೊದಲು ನಿಮ್ಮ ಕಿಲೋಮೀಟರ್‌ಗಳ ಜಾತಕ ನೋಡಿ. ಕೋಲಾರದ ಮಂಡಿಯಿಂದ ತುಂಬಿಕೊಂಡು ಚೆನ್ನೈಗೆ ಹೋಗಿ ಖಾಲಿ ಬರುವ ಗಾಡಿ ಅರ್ಧ ದಾರಿ ಹಗುರಾಗಿಯೇ ಓಡುತ್ತದೆ. ಖಾಲಿ ಗಾಡಿ 80ರಲ್ಲಿ 1979ರ ಬದಲು 2355 ಸುತ್ತುವುದು ಸುಮ್ನೆ ಡೀಸೆಲ್ ಖರ್ಚು. ಅಂಥವರಿಗೆ 4.10ರ ಆಸುಪಾಸು ಸಾಕು. ಮಿಕ್ಸರ್, ಕಂಪ್ರೆಸರ್ ಎಳೆಯುವವರು 80ಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಮಿಕ್ಸರಿನ ಚಕ್ರಕ್ಕೆ ಸರಿಯಾದ ಸ್ಪ್ರಿಂಗೂ ಇರುವುದಿಲ್ಲ, ಅದನ್ನು ಜೋರಾಗಿ ಎಳೆದರೆ ಪಲ್ಟಿಯೇ. ಅವರು 4.88ರ ಥರದ್ದು ಧೈರ್ಯವಾಗಿ ಆರಿಸಬಹುದು. ಆದರೆ ಪಿನಿಯನ್ ಹಲ್ಲು ಕಡಿಮೆಯಾದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಪೆಟ್ಟು ತಡೆಯುವುದೂ ಕಡಿಮೆ. ಕ್ಲಚ್ ಧಡಕ್ ಅಂತ ಬಿಡುವ ಡ್ರೈವರ್ ಕೈಗೆ ಕೊಟ್ಟರೆ ಹಲ್ಲು ಉದುರುತ್ತದೆ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ ಜೋಡಿ ನಂಬರ್ ಹಾಕಿರುತ್ತಾರೆ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಕೂಗು ಗ್ಯಾರಂಟಿ. ಪಿನಿಯನ್ ಎಷ್ಟು ಒಳಗಿರಬೇಕು, ಹಲ್ಲಿನ ನಡುವೆ ಎಷ್ಟು ಆಟ ಇರಬೇಕು ಅನ್ನೋದನ್ನು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ, ಡಯಲ್ ಗೇಜ್ (ಸಣ್ಣ ಅಂತರ ಅಳೆಯುವ ಮುಳ್ಳಿನ ಮೀಟರ್) ಇಟ್ಟು ಹೊಂದಿಸಬೇಕು. ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕ ಇದು. ಹಲ್ಲಿಗೆ ಬಣ್ಣ ಸವರಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆ ಅಂತಲೂ ನೋಡಬೇಕು. ಕೈಯಲ್ಲಿ ಅಲ್ಲಾಡಿಸಿ "ಸರಿಯಾಗಿದೆ ಬಿಡಿ" ಅನ್ನುವ ಕಡೆ ಈ ಕೆಲಸ ಕೊಡಬೇಡಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಹೌಸಿಂಗನ್ನೂ ಅದೇ ರೇಶಿಯೋಗೆ ಬದಲಿಸಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಒಂದನ್ನೊಂದು ಎಳೆದಾಡಿ ಮುರಿದುಕೊಳ್ಳುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಕಂಪನಿಯೇ ಆ ಮಾಡೆಲ್ಲಿಗೆ ಕೊಟ್ಟ ಹೌಸಿಂಗ್ ಹಾಕುವುದು ಬೇರೆ, ಕಂಡದ್ದನ್ನು ವೆಲ್ಡ್ ಮಾಡಿ ಕೂರಿಸುವುದು ಬೇರೆ.

ಸ್ಪೀಡೋಮೀಟರ್ ಸೆನ್ಸರ್ ಗೇರ್‌ಬಾಕ್ಸಿನ ಹಿಂಭಾಗದಲ್ಲಿರುವ ಗಾಡಿಗಳಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. 4.10 ತೆಗೆದು 4.88 ಹಾಕಿದರೆ ಶಾಫ್ಟ್ 19% ಜಾಸ್ತಿ ಸುತ್ತುತ್ತದೆ. ಮೀಟರಿಗೆ ಇದು ಗೊತ್ತಿಲ್ಲ. ನೀವು 67ರಲ್ಲಿ ಹೋಗುತ್ತಿದ್ದರೆ ಅದು 80 ತೋರಿಸುತ್ತದೆ. ಗವರ್ನರ್ ಅದೇ ಸೆನ್ಸರ್ ನಂಬಿದ್ದರೆ 67ಕ್ಕೇ ಹಿಡಿದುಬಿಡುತ್ತದೆ. 100 ಕಿಲೋಮೀಟರ್ ಓಡಿದ್ದಕ್ಕೆ ಮೀಟರ್ 119 ಬರೆದುಕೊಳ್ಳುತ್ತದೆ. "ಹೌಸಿಂಗ್ ಬದಲಿಸಿದ ಮೇಲೆ ಮೈಲೇಜ್ ಏರಿಬಿಟ್ಟಿದೆ" ಅಂತ ಯಾರಾದರೂ ಹೇಳಿದರೆ ಮೊದಲು ಈ ಲೆಕ್ಕ ಹಾಕಿ. ಮೀಟರ್ ಪ್ರಕಾರ ಲೀಟರಿಗೆ 13 ಕಂಡರೆ ನಿಜವಾಗಿ ಸಿಕ್ಕಿದ್ದು 11ರ ಹತ್ತಿರ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿಕೊಂಡೋ ಫೋನಿನ ಜಿಪಿಎಸ್ ಇಟ್ಟುಕೊಂಡೋ ಹೋಲಿಸಿ, ಆಮೇಲೆ ಮೀಟರ್ ಸರಿಮಾಡಿಸಿ.

ಹೊಸ ಜೋಡಿ ಹಾಕಿದ ಮೇಲೆ ಒಂದಿಷ್ಟು ದಿನ ಕೊಕ್ಕೆಗೆ ಏನೂ ತಗುಲಿಸಬೇಡಿ. ಈ ಜೋಡಿಯ ಹೈಪಾಯ್ಡ್ (ಓರೆಯಾಗಿ ಕೂಡುವ) ಹಲ್ಲುಗಳು ಒಂದರ ಮೇಲೊಂದು ಜಾರಿಕೊಂಡೇ ಕೆಲಸ ಮಾಡುತ್ತವೆ, ಹೊಸದರಲ್ಲಿ ಬಿಸಿ ಜಾಸ್ತಿ. ಮೊದಲು 20–30 ಕಿ.ಮೀ. ಖಾಲಿ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಹೀಗೆ ಒಂದೆರಡು ಸಲ ಮಾಡಿ. ಮೊದಲ 800 ಕಿ.ಮೀ. ತನಕ ಹಗುರ ಲೋಡೇ ಇರಲಿ. ಆಮೇಲೆ ಒಳಗಿನ ಆಯಿಲ್ ಇಳಿಸಿ ನೋಡಿ. ಹಿಟ್ಟಿನಂಥ ಸಣ್ಣ ಲೋಹದ ಪುಡಿ ಇರುವುದು ಸಹಜ, ಚೂರು ಸಿಕ್ಕರೆ ಹಾಕಿದವರ ಹತ್ತಿರ ವಾಪಸ್ ಹೋಗಿ. ಮತ್ತೆ ತುಂಬುವಾಗ ಜಿಎಲ್-5 ದರ್ಜೆಯ ಗೇರ್ ಆಯಿಲನ್ನೇ ಹಾಕಿಸಿ, 80ಡಬ್ಲ್ಯು-90 ಅಥವಾ ಕಂಪನಿ ಪುಸ್ತಕದಲ್ಲಿ ಹೇಳಿದ ದಪ್ಪದ್ದು. ಗೇರ್‌ಬಾಕ್ಸಿಗೆ ತಂದ ಆಯಿಲ್ ಮಿಕ್ಕಿದೆ ಅಂತ ಹೌಸಿಂಗಿಗೆ ಸುರಿಯಲು ಬಿಡಬೇಡಿ.